ಏಳು ಸೂಜಿಗಳ ಒಡೆಯ

ಜನವರಿ 12

ನನ್ನ ಮುದ್ದಿನ ಬಾಬಿನ್,

ಈ ಭೂಮಿಯ ಮೇಲೆ ಕಂಪ್ಯೂಟರನ್ನು ಸರಿಯಾಗಿ ಅರ್ಥ ಮಾಡಿಕೊಂಡ ಮೊದಲ ಮನುಷ್ಯ ನಿನ್ನ ಮಾವ. ನನಗಿಂತ ಮುಂಚೆ ಇದ್ದವರು ಅದನ್ನು ಬರೀ ಕಂಡುಹಿಡಿದರು, ಅಷ್ಟೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಯಲ್ಲಿರಲಿ ಅಂತ ಹೇಳುತ್ತಿದ್ದೇನೆ.

ಫೋನು ಮಾಡದೆ ಪತ್ರ ಯಾಕೆ ಅನ್ನುತ್ತೀಯ. ಒಳ್ಳೆಯ ಸುದ್ದಿ ಫೋನಿನಲ್ಲಿ ಹೇಳಿದರೆ ಒಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಇದು ನಾಲ್ಕು ಸಲ ಓದಬೇಕಾದ ಸುದ್ದಿ.

ನೀನೂ ನಿನ್ನ ಐದು ಮಂದಿ ಗೆಳೆಯರೂ ಸೇರಿ ಬರೆದಿರುವ 'ಎಳೆ' ಇದೆಯಲ್ಲ, ಹಳೆಯ ಕಸೂತಿ ಯಂತ್ರಗಳಿಗೆ ಚಿತ್ರ ಕಳಿಸುವ ಪ್ರೋಗ್ರಾಮು, ಅದು ಚಿನ್ನ. ಯಾರು ಬೇಕಾದರೂ ಪುಕ್ಕಟೆ ತಗೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಅದರ ಮಾತುಗಳನ್ನೆಲ್ಲ ನಮ್ಮ ಭಾಷೆಗೆ ತಂದವನು ನಾನೇ, ಆದ್ದರಿಂದ ಅರ್ಧ ಚಿನ್ನ ನನ್ನದು. ಆದರೆ ಅದರಲ್ಲಿ ಒಂದು ಕುಂದು ಇತ್ತು. ಇನ್‌ಸ್ಟಾಲರ್ ಅರ್ಧ ದಾರಿಯಲ್ಲಿ ನಿಂತು ಹೇಳುತ್ತಿತ್ತು: 'ಯಂತ್ರದ ಕಂಪನಿಯ ಲೈಬ್ರರಿ ಫೈಲು ನಮ್ಮ ಬಳಿ ಇಲ್ಲ. ಅವರ ಪುಟಕ್ಕೆ ಹೋಗಿ, ಷರತ್ತು ಓದಿ, ಒಪ್ಪಿ, ನೀವೇ ಇಳಿಸಿಕೊಂಡು ಬನ್ನಿ.'

ಎಳೆ ಬಿಡಿಸಿದ ಹೂವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಹೇಳುವುದು ಆ ಫೈಲು. ಅದಿಲ್ಲದೆ ಯಂತ್ರ ಕಿವುಡು. ಮೊನ್ನೆ ಟೋಪಿಯಮ್ಮ ಬಂದಳು. ಮೂಲೆಯಂಗಡಿಯಲ್ಲಿ ಟೋಪಿ ಹೊಲಿಯುವವಳು, ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಕನ್ನಡಕ ಹುಡುಕುವವಳು.

"ಏನಯ್ಯಾ, ನಿಮ್ಮಕ್ಕನ ಮಗಳು ಊಟಕ್ಕೆ ಕರೆದು ತಟ್ಟೆ ಇಟ್ಟು, ಅನ್ನ ಮಾತ್ರ ಪಕ್ಕದ್ಮನೆಯಿಂದ ತಗೊಂಡು ಬನ್ನಿ ಅಂತಾಳಲ್ಲ!"

ಮಾನ ಹೋದ ಹಾಗಾಯಿತು. ಅಂದೇ ಕೂತೆ. ಇನ್‌ಸ್ಟಾಲರಿನ ಹೆಜ್ಜೆಗಳನ್ನು ಬರೆದಿಟ್ಟ ಕಡತ ನೀನೇ ತೋರಿಸಿದ್ದೆಯಲ್ಲ, ಅದನ್ನು ತೆರೆದು 'ನಿಲ್ಲು' ಅನ್ನುವ ಹೆಜ್ಜೆಯನ್ನು ಅಳಿಸಿದೆ. ನನ್ನ ಕಂಪ್ಯೂಟರಿನಲ್ಲಿದ್ದ ಕಂಪನಿಯ ಫೈಲನ್ನು ಒಳಗೇ ಸೇರಿಸಿದೆ. ಷರತ್ತಿನ ಪುಟ ಹೇಗೂ ಯಾರೂ ಓದುವುದಿಲ್ಲ. ಅದನ್ನು ತೆಗೆದು ಅಲ್ಲಿ ನನ್ನ ಫೋಟೋ ಹಾಕಿದೆ. ದೊಡ್ಡ ಯಂತ್ರದ ಮೇಲೆ ಕೈಯಿಟ್ಟು ನಿಂತಿರುವುದು. ಕೆಳಗೆ 'ನಾನೂರು ಅಂಗಡಿಗಳ ನಂಬಿಕೆ' ಎಂದು ಬರೆದೆ. ಪೆನ್ ಡ್ರೈವುಗಳಿಗೆ ತುಂಬಿ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿ, ಅಂಗಡಿ ಅಂಗಡಿಗೆ ಹಂಚಿದೆ. ಯಾರಿಂದಲೂ ಏನೂ ತಗೊಳ್ಳಲಿಲ್ಲ.

ಈಗ ಯಾರೂ ಪಕ್ಕದ ಮನೆಗೆ ಹೋಗುವುದಿಲ್ಲ. ಹೊಗಳಿ ಬರೆ, ಕಾಯುತ್ತಿರುತ್ತೇನೆ.

ನಿನ್ನ ಮಾವ,
ಏಳು ಸೂಜಿಗಳ ಒಡೆಯ
(ಅಂಗಡಿಯ ದೊಡ್ಡ ಕಸೂತಿ ಯಂತ್ರದಲ್ಲಿ ಆರು, ಚಿಕ್ಕದರಲ್ಲಿ ಒಂದು. ನೀನು ಮರೆತಿರಬಹುದು.)


ಜನವರಿ 21

ಮಾವ,

ನಿನ್ನ ಪತ್ರವನ್ನು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ, ಎರಡು ಕಪಾಟುಗಳ ನಡುವೆ ನಿಂತು ಓದಿದೆ. ಓದಿ ಮುಗಿಸಿ ಅಲ್ಲೇ ನೆಲದ ಮೇಲೆ ಕೂತೆ. ಜೊತೆ ಕೆಲಸದವಳು ನೀರು ತಂದುಕೊಟ್ಟಳು.

ನೀನು ಮಾಡಿದ್ದೇನೆಂದು ಹೇಳುತ್ತೇನೆ, ಕೇಳು. ಎಳೆ ನಮ್ಮದು. ಅದನ್ನು ನೀನು ಬೀದಿಯಲ್ಲಿ ನಿಂತು ತೂರಿದರೂ ನನಗೆ ಸಂತೋಷ. ಆ ಫೈಲು ಕಂಪನಿಯದು. ಯಂತ್ರ ಕೊಂಡವರು ತಾವೇ ಷರತ್ತು ಒಪ್ಪಿ ಇಳಿಸಿಕೊಂಡು ಬಳಸಬಹುದು, ಇನ್ನೊಬ್ಬರು ಹಂಚುವಂತಿಲ್ಲ. ಇನ್‌ಸ್ಟಾಲರ್ ಅಲ್ಲಿ ನಿಲ್ಲುತ್ತಿದ್ದದ್ದು ನಮ್ಮ ಮರೆವಿನಿಂದಲ್ಲ, ಸೋಮಾರಿತನದಿಂದಲೂ ಅಲ್ಲ. ಬೇಕೆಂದೇ ನಿಲ್ಲಿಸಿದ್ದೆವು. ಐದು ವರ್ಷದಲ್ಲಿ ಒಂದು ಸಲವೂ ನಾನು ಆ ಫೈಲನ್ನು ಬಿಚ್ಚಿ ನೋಡಿಲ್ಲ, ಗೊತ್ತಾ? ಆಸೆ ಇರಲಿಲ್ಲ ಅಂತಲ್ಲ.

ನೀನು ಅದನ್ನು ನನ್ನ ಹೆಸರಿರುವ ಡಬ್ಬಿಯೊಳಗಿಟ್ಟು ಹಂಚಿದ್ದೀಯ. ಅವರೆಲ್ಲರ ಪರವಾಗಿ ನೀನೊಬ್ಬನೇ 'ಒಪ್ಪಿದೆ' ಅಂದಿದ್ದೀಯ. ಫೋಟೋ ಬೇರೆ.

ಎಲ್ಲವನ್ನೂ ವಾಪಸ್ ತಗೋ. ಈ ವಾರವೇ. ಆಮೇಲೆ ಬರೆ.

ಬಾಬಿನ್
(ಈ ಹೆಸರಿಗೆ ಇನ್ನೂ ಓಗೊಡುತ್ತಿದ್ದೇನೆ. ಎಷ್ಟು ದಿನವೋ ಗೊತ್ತಿಲ್ಲ.)


ಫೆಬ್ರವರಿ 3

ಬಾಬಿನ್,

ಎಂಟು ಸಲ ಫೋನು ಮಾಡಿದೆ, ಎತ್ತಲಿಲ್ಲ. ಒಂಬತ್ತನೇ ಸಲ ಮಾಡುವವನಿದ್ದೆ, ನನಗೂ ಮರ್ಯಾದೆ ಇದೆ ಅಂತ ಬಿಟ್ಟೆ.

ನೀನು ಬರೆದದ್ದನ್ನು ಪಕ್ಕದ ಅಂಗಡಿಯ ಬೀಗದವನಿಗೆ ಓದಿ ಹೇಳಿದೆ. ಅವನು ನನ್ನ ಪಕ್ಷ ವಹಿಸುತ್ತಾನೆ ಅಂತ ನಂಬಿದ್ದೆ. ಹತ್ತು ವರ್ಷದಿಂದ ನನ್ನ ಗೋಡೆಗೆ ಒರಗಿ ಕೂರುವವನು.

"ನಾನು ದಿನಾ ಊರವರ ಬೀಗಕ್ಕೆಲ್ಲ ಕೀ ಮಾಡ್ತೀನಿ. ಆದ್ರೆ ಒಂದ್ಮಾತು ಕೇಳ್ತೀನಿ, ಇದು ನಿಮ್ದೇ ಬೀಗಾನಾ ಅಂತ. ನೀನು ಕೇಳಿದ್ಯಾ?"

"ಯಂತ್ರ ಅವರದೇ ಅಲ್ವೇನೋ!"

"ಯಂತ್ರ ಅವರದು, ಕೀ ಕಂಪನಿದು. ನಡುವೆ ನೀನ್ಯಾರು?"

ಮೂರು ದಿನ ಅವನ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನ ನನ್ನ ಅಂಗಡಿಯ ಕೀ ಕಳೆದುಹೋಯಿತು. ರಾಜಿಯಾದೆ.

ವಾಪಸ್ ತಗೋ ಅನ್ನುವುದು ಸುಲಭ. ಒಬ್ಬ ಶಾಲೆಯ ಸಮವಸ್ತ್ರಕ್ಕೆ ಲಾಂಛನ ಹಾಕುತ್ತಿದ್ದಾನೆ, ಇನ್ನೊಬ್ಬ ಹೋಟೆಲಿನ ಟವೆಲಿಗೆ ಹೆಸರು ಹೊಲಿಯುತ್ತಿದ್ದಾನೆ. ಕೊಟ್ಟ ಕೈಯಲ್ಲೇ ಕಿತ್ತುಕೊಂಡರೆ ನನ್ನ ಮುಖಕ್ಕೆ ಏನು ಬೆಲೆ? ಇನ್‌ಸ್ಟಾಲರ್ ತೆರೆದರೆ ಮೊದಲು ಕಾಣುವುದೇ ಅದು. ಅಷ್ಟಕ್ಕೂ ನಾನೂರು ಅಂದದ್ದು ಬಾಯಿಗೆ ಬಂದ ಲೆಕ್ಕ. ಇನ್ನೂರು ಇರಬಹುದು. ಅಷ್ಟು ದೊಡ್ಡ ಕಂಪನಿಗೆ ನಮ್ಮಂಥವರ ಕಡೆ ನೋಡಲು ಪುರುಸೊತ್ತೆಲ್ಲಿ? ನೀನು ಸುಮ್ಮನೆ ಗಾಬರಿಯಾಗುತ್ತೀಯ, ಚಿಕ್ಕಂದಿನಿಂದಲೂ ಹಾಗೇ. ದಾರ ತುಂಡಾದರೆ ಅಳುತ್ತಿದ್ದೆ.

ಏಳು ಸೂಜಿಗಳ ಒಡೆಯ,
ನಿನ್ನ ಮಾವ


ಫೆಬ್ರವರಿ 27

ಮಾವ,

ಕಂಪನಿಗೆ ಪುರುಸೊತ್ತಾಗಿದೆ. ನೋಟಿಸು ಬಂದಿದೆ, ನನ್ನ ಹೆಸರಿಗೆ. ನಿನ್ನ ಫೋಟೋ ಒಂದು ಪುಟಪೂರ್ತಿ ಅಚ್ಚಾಗಿದೆ, ಚೆನ್ನಾಗಿ ಬಂದಿದೆ.

ಅವರು ಕೇಳುವುದು ಇಷ್ಟು. ಎಳೆಯನ್ನು ಇಂಟರ್ನೆಟ್ಟಿನಿಂದ ಪೂರ್ತಿ ಇಳಿಸಬೇಕು. ಇಲ್ಲವಾದರೆ, ಇನ್ನು ಮುಂದೆ ಪ್ರತಿ ಆವೃತ್ತಿಯನ್ನೂ ಅವರ ಒಪ್ಪಿಗೆ ಪಡೆದೇ ಬಿಡುತ್ತೇನೆಂದು ನಾನು ಸಹಿ ಹಾಕಬೇಕು. ಪೆನ್ ಡ್ರೈವ್ ಪಡೆದ ಅಂಗಡಿಗಳ ಪಟ್ಟಿ ಕೊಡಬೇಕು. ಜೊತೆಗೆ ನಾನೂರು ಪ್ರತಿಗಳಿಗೆ ಪರಿಹಾರ. ನಾನೂರು ಎಲ್ಲಿಂದ ಬಂತು ಅಂತ ಯೋಚಿಸಬೇಡ. ನಿನ್ನ ಫೋಟೋದ ಕೆಳಗೇ ಇದೆ. ಎರಡು ತಿಂಗಳ ಗಡುವು.

ಸಹಿ ಹಾಕಿದರೆ ಎಳೆ ಹೆಸರಿಗಷ್ಟೇ ನಮ್ಮದು. ಅವರು ಹಳೆಯ ಯಂತ್ರಗಳನ್ನು ಸಾಯಿಸಿ ಹೊಸದು ಮಾರಬೇಕೆಂದಿರುವವರು. ಯಾವ ಒಪ್ಪಿಗೆ ಕೊಟ್ಟಾರು? ಪಟ್ಟಿ ಕೊಟ್ಟರೆ ಅವರ ಜನ ಒಂದೊಂದೇ ಅಂಗಡಿಯ ಬಾಗಿಲಿಗೆ ಬರುತ್ತಾರೆ.

ಎಳೆಯನ್ನು ಯಾಕೆ ಶುರು ಮಾಡಿದೆ ಅಂತ ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಂಪನಿ ನಿನ್ನ ಯಂತ್ರಕ್ಕೆ ಸಾಫ್ಟ್‌ವೇರ್ ಕೊಡುವುದು ನಿಲ್ಲಿಸಿದ ತಿಂಗಳು ನೀನು ಅಂಗಡಿಯಲ್ಲಿ ಒಂದೂ ಸುಳ್ಳು ಹೇಳಲಿಲ್ಲ. ನನಗೆ ಭಯವಾಯಿತು.

ನನ್ನ ಪರವಾಗಿ ಒಬ್ಬ ವಕೀಲೆ ನೋಡುತ್ತಿದ್ದಾರೆ. ಎಲ್ಲವೂ ಬರಹದಲ್ಲಿ, ತಾರೀಖಿನೊಂದಿಗೆ ಇರಲಿ ಎಂದಿದ್ದಾರೆ. ಅದಕ್ಕೇ ಫೋನು ಎತ್ತುವುದಿಲ್ಲ. ಬರೀ ಅದಕ್ಕೇ ಅಲ್ಲ. ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ನಿಜವಾಗಿ ಎಷ್ಟು ಅಂಗಡಿ ಮಾವ?

— ನಿನ್ನಕ್ಕನ ಮಗಳು


ಮಾರ್ಚ್ 10

ಬಾಬಿನ್,

ನಲವತ್ತೊಂದು.

ನಲವತ್ತೊಂದು ಅಂದರೆ ಎಷ್ಟು ಸಣ್ಣದು ನೋಡು, ಆ ಫೋಟೋದ ಕೆಳಗೆ ಚೆನ್ನಾಗಿ ಕಾಣುತ್ತಿರಲಿಲ್ಲ.

ಈಗ ಕೇಳು. ನೀನು ಪತ್ರದ ಕೊನೆಯಲ್ಲಿ ಹೆಸರು ಬದಲಾಯಿಸಿದ್ದನ್ನು ನೋಡಿದ ದಿನ ಅಂಗಡಿಗೆ ಬೀಗ ಹಾಕಿ, ಸ್ಟೂಲು ಕಂಪ್ಯೂಟರಿನ ಮುಂದೆ ಎಳೆದುಕೊಂಡು, ಕಂಪನಿಯ ಷರತ್ತು ಓದಲು ಕೂತೆ. ಇಪ್ಪತ್ತಮೂರು ಪುಟ. ನಿಘಂಟು ತೊಡೆಯ ಮೇಲೆ. ಒಂದು ವಾಕ್ಯ ಶುರುವಾದರೆ ಮುಗಿಯುವಷ್ಟರಲ್ಲಿ ಬೀಗದವನು ಮೂರು ಕೀ ಮಾಡಿರುತ್ತಿದ್ದ. ಆರು ದಿನ ಹಿಡಿಯಿತು. ಹಳ್ಳಿ ಶಾಲೆಯಲ್ಲಿ ನಾನು ಇಷ್ಟು ಓದಿದ್ದರೆ ಮೇಷ್ಟ್ರು ಆನಂದದಿಂದ ಕಣ್ಣೀರು ಹಾಕುತ್ತಿದ್ದರು. ಪ್ರಪಂಚದಲ್ಲಿ ಆ ಇಪ್ಪತ್ತಮೂರು ಪುಟವನ್ನೂ ಓದಿದವನು ನಾನೊಬ್ಬನೇ. ಇದು ಜಂಬವಲ್ಲ ಅಂತ ಮುಂದೆ ಗೊತ್ತಾಗುತ್ತದೆ.

ಮೂರನೇ ಪುಟದಲ್ಲೇ ಇದೆ, ಹಂಚಕೂಡದು ಅಂತ. ತಪ್ಪು ನನ್ನದು. ಸುತ್ತಿ ಬಳಸಿ ಹೇಳುವುದಿಲ್ಲ.

ನಲವತ್ತೊಂದು ಅಂಗಡಿಗೂ ಹೋದೆ. ಫೈಲು ಅಳಿಸಿದೆ, ಪೆನ್ ಡ್ರೈವ್ ಇಸಿದುಕೊಂಡೆ. ಇಪ್ಪತ್ತಾರು ಕಡೆ ಅವರವರೇ ಕಂಪನಿಯ ಪುಟಕ್ಕೆ ಹೋಗಿ ಅವರವರ ಬೆರಳಿನಿಂದಲೇ 'ಒಪ್ಪಿದೆ' ಒತ್ತಿ ಇಳಿಸಿಕೊಂಡರು. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ. ಉಳಿದ ಹದಿನೈದು ಕಡೆ, 'ಈ ಮಾದರಿಯನ್ನು ನಿಲ್ಲಿಸಲಾಗಿದೆ' ಅಂತ ಬಂತು. ಅಲ್ಲಿಗೆ ಅವರ ಯಂತ್ರ ಮೂಕವಾಯಿತು. ಅದರಲ್ಲಿ ಟೋಪಿಯಮ್ಮನದೂ ಒಂದು.

"ನಿನ್ನ ಮೇಲೆ ಕೇಸಾ?" ಅಂದಳು.

"ಹುಡುಗಿ ಮೇಲೆ."

"ಮಾಡಿದ್ದು ನೀನು."

"ಹೂಂ."

"ನನ್ನ ಹೆಸರು ಬೇಕಾದ್ರೆ ಕೊಡು. ವಯಸ್ಸಾದೋಳಿಗೆ ಏನ್ ಮಾಡ್ತಾರೆ, ಬೈತಾರೆ. ನನಗೆ ಒಂದು ಕಿವಿ ಕೇಳಿಸಲ್ಲ, ಆ ಕಡೆ ನಿಂತು ಬೈಲಿ."

ಕೊಡುವುದಿಲ್ಲ. ಯಾರ ಹೆಸರನ್ನೂ ಕೊಡುವುದಿಲ್ಲ. ನಿಮ್ಮ ವಕೀಲೆಗೂ ಹೇಳುವುದಿಲ್ಲ, ನಿನಗೂ ಹೇಳುವುದಿಲ್ಲ. ಅವರು ನನ್ನನ್ನು ನಂಬಿ ತಗೊಂಡರು, ಅದೊಂದೇ ಅವರು ಮಾಡಿದ ಅಪರಾಧ. ನೀನೂ ಸಹಿ ಹಾಕಬೇಡ. ಹಾಕಿದರೆ ನಾನು ನಿನ್ನ ಮಾವನೇ ಅಲ್ಲ.

ಇನ್ನೆರಡು ವಿಷಯ. ಹತ್ತೊಂಬತ್ತನೇ ಪುಟ: ಯಂತ್ರವನ್ನು ಮಾರಿದರೆ ಅದರ ಜೊತೆ ಫೈಲು ಬಳಸುವ ಹಕ್ಕೂ ಕೊಂಡವರಿಗೆ ಹೋಗುತ್ತದೆ. ಇದು ನಮಗೆ ಬೇಕಿಲ್ಲ, ಓದಿದ್ದೇನೆ ಅನ್ನುವುದಕ್ಕೆ ಸಾಕ್ಷಿಯಾಗಿ ಹೇಳಿದೆ. ಹದಿನಾಲ್ಕನೇ ಪುಟ: ಫೈಲನ್ನು ಬಿಚ್ಚಬಾರದು, ಒಳಗಿರುವುದನ್ನು ನೋಡಬಾರದು, ನಕಲು ಮಾಡಬಾರದು. ಸರಿ. ಆದರೆ ಯಂತ್ರದ ಬಗ್ಗೆ ಒಂದಕ್ಷರ ಇಲ್ಲ! ಯಂತ್ರ ನಾನು ಕೊಂಡದ್ದು. ಅದು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ನೋಡುವುದು ನನ್ನ ಕಣ್ಣು. ಅದರ ಸದ್ದು ಬೀಳುವುದು ನನ್ನ ಕಿವಿಗೆ. ಆ ಫೈಲನ್ನು ಮುಟ್ಟದೆಯೇ, ಯಂತ್ರಕ್ಕೆ ಏನು ಹೇಳಿದರೆ ಏನು ಮಾಡುತ್ತದೆ ಅಂತ ನಾನು ಬರೆದುಕೊಟ್ಟರೆ, ನೀನು ನಿನ್ನದೇ ಲೈಬ್ರರಿ ಬರೆಯಬಹುದೋ ಇಲ್ಲವೋ? ನಾನು ಆ ಫೈಲನ್ನು ಎತ್ತಿಟ್ಟವನು, ತೆರೆದವನಲ್ಲ. ನೀನಂತೂ ಐದು ವರ್ಷ ಉಪವಾಸ ಮಾಡಿದವಳು.

ನಿಮ್ಮ ವಕೀಲೆಯನ್ನು ಕೇಳು.

ಏಳು ಸೂಜಿಗಳ ಒಡೆಯ, ಇಪ್ಪತ್ತಮೂರು ಪುಟಗಳ ಪಂಡಿತ,
ನಿನ್ನ ಮಾವ


ಮಾರ್ಚ್ 19

ಮಾವ,

ವಕೀಲೆ ನಿನ್ನ ಪತ್ರವನ್ನು ಎರಡು ಸಲ ಓದಿದರು. ಎರಡನೇ ಸಲ ನಕ್ಕರು. ಹದಿನಾಲ್ಕನೇ ಪುಟದ ವಿಷಯದಲ್ಲಿ ನೀನು ಹೇಳಿದ್ದು ಸರಿ. ಆದರೆ ಕಟ್ಟುನಿಟ್ಟಾಗಿ ಮಾಡಬೇಕು. ನೀನು ಯಂತ್ರವನ್ನು ನೋಡಿ ಬರೆಯಬೇಕು, ನಾನು ನಿನ್ನ ಬರಹವನ್ನಷ್ಟೇ ನೋಡಿ ಪ್ರೋಗ್ರಾಮು ಬರೆಯಬೇಕು. ನಿನ್ನ ಕಂಪ್ಯೂಟರಿನಿಂದ ಆ ಫೈಲನ್ನು ತೆಗೆದುಬಿಡು. ಪ್ರತಿ ಹಾಳೆಯ ಮೇಲೂ ತಾರೀಖು, ಸಮಯ, ಸಹಿ ಇರಲಿ. ಅಲಂಕಾರ ಬೇಡ.

ಇದರೊಂದಿಗೆ ಒಂದು ಸಣ್ಣ ಪ್ರೋಗ್ರಾಮು ಕಳಿಸಿದ್ದೇನೆ. ಅದು ಕೇಬಲ್ಲಿನಲ್ಲಿ ಒಂದು ಸಲಕ್ಕೆ ಒಂದೇ ಅಂಕಿ ಕಳಿಸುತ್ತದೆ, ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ. ಯಂತ್ರ ಏನು ಮಾಡಿತೋ ಅಷ್ಟನ್ನು ಬರೆ.

ಸಹಿ ಹಾಕುವುದಿಲ್ಲ ಅಂತ ನಾನು ಕಂಪನಿಗೆ ಬರೆದಾಯಿತು, ನಿನ್ನ ಪತ್ರ ಬರುವ ಮುಂಚೆಯೇ. ನೀನು ಹೇಳಿದ್ದಕ್ಕಲ್ಲ. ನಮ್ಮ ಇನ್‌ಸ್ಟಾಲರಿನಲ್ಲಿ ಅವರ ವಸ್ತು ಎಂದೂ ಇರಲಿಲ್ಲ, ನಮ್ಮದನ್ನು ಅವರ ಕೈಗೆ ಯಾಕೆ ಕೊಡಬೇಕು? ಪರಿಹಾರದ ಮಾತು ಮಾತ್ರ ಹಾಗೇ ಉಳಿದಿದೆ. ಅಷ್ಟು ದುಡ್ಡು ನನ್ನಲ್ಲಿಲ್ಲ.

ಬಾಬಿನ್


ಏಪ್ರಿಲ್ 30

ಬಾಬಿನ್,

ಇದರೊಂದಿಗೆ ನೂರ ತೊಂಬತ್ತು ಅಂಕಿಗಳ ಹಾಳೆಗಳಿವೆ. ಅಲಂಕಾರ ಬೇಡ ಅಂದೆಯಲ್ಲ, ತುಂಬ ಕಷ್ಟಪಟ್ಟೆ. ಹದಿನೇಳು: ಸೂಜಿ ಒಂದು ಸಲ ಕುಟ್ಟಿ ಸುಮ್ಮನಾಯಿತು. ನಲವತ್ತು: ಚೌಕಟ್ಟು ಎಡಕ್ಕೆ ಕೂದಲೆಳೆಯಷ್ಟು. ಅರವತ್ತೊಂದು: ಹೊರಗೆ ಏನೂ ಇಲ್ಲ, ಹೊಟ್ಟೆಯೊಳಗೆ ಗೊಣಗಿತು. ಗೊಣಗಿತು ಅನ್ನುವುದು ಅಲಂಕಾರವಲ್ಲ, ನೀನು ಕೇಳಿದ್ದರೆ ನೀನೂ ಅದನ್ನೇ ಬರೆಯುತ್ತಿದ್ದೆ. ಉಳಿದ ಅಂಕಿಗಳು ಸೂಜಿ ಬದಲಿಸುವವು ಅಂತ ಕಾಣುತ್ತದೆ. ಅವು ಆಮೇಲೆ.

ಇನ್ನು ದೊಡ್ಡ ಸುದ್ದಿ. ನಿನ್ನ ಮಾವ ಕಂಪನಿಯ ಕಚೇರಿಗೆ ಹೋಗಿ ಬಂದ.

ಗಾಜಿನ ಕೋಣೆ, ಮೈ ನಡುಗುವ ತಂಪು. ಬಂದವರಿಗೆ ಹಾಕುವ ಕುರ್ಚಿ ಅವರ ಕುರ್ಚಿಗಿಂತ ನಾಲ್ಕು ಬೆರಳು ಗಿಡ್ಡ. ನಾನು ಕೂರಲಿಲ್ಲ. ವಕೀಲ ಒಳ್ಳೆಯ ಹುಡುಗ, ಅವನ ಅಂಗಿಯ ಜೇಬಿನ ಮೇಲೆ ಕಂಪನಿಯ ಹೆಸರಿನ ಕಸೂತಿ ಇತ್ತು. ಕೊನೆಯ ಅಕ್ಷರದ ದಾರ ಬಿಟ್ಟಿತ್ತು. ಹೇಳಲಿಲ್ಲ.

"ನಾನೂರು ಅಂತ ನೀವೇ ಹಾಕಿದ್ದೀರಲ್ಲ ಸರ್, ನಿಮ್ಮ ಫೋಟೋ ಕೆಳಗೆ?"

"ಹಾಕಿದ್ದೀನಿ. ಸುಳ್ಳು ಅದು."

"ಸುಳ್ಳು ಅಂತ ನಾವು ಹೇಗೆ ನಂಬೋದು?"

"ನಮ್ಮ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ನಾನು ಹೇಳಿದ್ದು ಸುಳ್ಳು ಅಂತ ಎಲ್ರೂ ಬಂದು ಸಾಕ್ಷಿ ಹೇಳ್ತಾರೆ."

ಅವನಿಗೆ ನಗು ಬಂತು, ನುಂಗಿಕೊಂಡ. ನಾನು ಚೀಲ ತೆಗೆದು ಅವನ ಮೇಜಿನ ಮೇಲೆ ಸುರಿದೆ. ನಲವತ್ತೊಂದು ಪೆನ್ ಡ್ರೈವು, ನಲವತ್ತೊಂದು ಬಣ್ಣದ ದಾರ. ಮೇಜಿನ ಮೇಲೆ ಹೂವಿನ ರಾಶಿ ಹಾಕಿದ ಹಾಗೆ. ಆಮೇಲೆ ಐವತ್ತರ ಪೊಟ್ಟಣದಲ್ಲಿ ಒಡೆಯದೆ ಉಳಿದ ಒಂಬತ್ತು, ಅಂಗಡಿಯ ಬಿಲ್ಲಿನ ಸಮೇತ. ಐವತ್ತರಲ್ಲಿ ಒಂಬತ್ತು ಕಳೆಯಲು ವಕೀಲಿ ಓದಬೇಕಾಗಿಲ್ಲ.

"ಯಾವ ಬಣ್ಣ ಯಾರದು?" ಅಂದ.

"ನನಗೆ ಗೊತ್ತು."

"ಹೇಳಿ."

"ಹೇಳಲ್ಲ."

"ಹೇಳದೇ ಇದ್ರೆ ಎಲ್ಲಾ ನಿಮ್ಮ ತಲೆ ಮೇಲೇ ಬರುತ್ತೆ ಸರ್."

"ತಲೆ ದೊಡ್ಡದಿದೆ ಸ್ವಾಮಿ, ಜಾಗ ಇದೆ. ನೀವು ಹದಿನಾಲ್ಕನೇ ಪುಟ ಓದಿದ್ದೀರಾ?"

ಅವನು ಕಾಗದ ತಿರುವಿದ. ಅವನೇ ಬರೆದ ಷರತ್ತಲ್ಲವೆ? ಓದಿರಲಿಲ್ಲ! ಅವನ ಕಣ್ಣು ಸಾಲಿನ ಮೇಲೆ ಓಡುವುದನ್ನು ನಿಂತುಕೊಂಡು ನೋಡಿದೆ. ಬಾಬಿನ್, ಆ ಐದು ನಿಮಿಷಕ್ಕೆ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಅಷ್ಟೆ. ಹೆದರಿ ಬಿಟ್ಟುಬಿಟ್ಟರು. ಇನ್ನು ನಿನ್ನನ್ನು ಕೇಳುವುದಿಲ್ಲ. ನನಗಾದ ಖರ್ಚು ಎರಡು ಟೀ. ಒಂದನ್ನು ಅವನಿಗೆ ಕುಡಿಸಿದೆ.

ನಿನ್ನ ಮಾವ


ಜೂನ್ 8

ಮಾವ,

ಕಂಪನಿಯಿಂದ ಪತ್ರ ಬಂತು. 'ಪರಿಹಾರದ ವಿಷಯ ಪ್ರತಿಗಳನ್ನು ಹಂಚಿದ ವ್ಯಕ್ತಿಯೊಡನೆ ಪ್ರತ್ಯೇಕವಾಗಿ ಇತ್ಯರ್ಥವಾಗಿರುವುದರಿಂದ ನೋಟಿಸನ್ನು ಹಿಂತೆಗೆದುಕೊಳ್ಳಲಾಗಿದೆ.' ಪಟ್ಟಿಯ ಮಾತಿಲ್ಲ, ಸಹಿಯ ಮಾತಿಲ್ಲ.

ಹೆದರಿದವರು 'ಇತ್ಯರ್ಥ' ಅಂತ ಬರೆಯುವುದಿಲ್ಲ ಮಾವ. ವಕೀಲೆಯೂ ಅದನ್ನೇ ಹೇಳಿದರು. ಏನು ಕೊಟ್ಟೆ?

ನಿನ್ನ ಹಾಳೆಗಳು ಬಹಳ ಚೆನ್ನಾಗಿವೆ. ಒಂದೇ ಸೂಜಿಯ ಯಂತ್ರಗಳಿಗೆ ನಮ್ಮ ಲೈಬ್ರರಿ ಮುಗಿದಿದೆ. ದೂರದಲ್ಲಿರುವ ಗೆಳೆಯನೊಬ್ಬ ಅದರಿಂದ ಮೊದಲ ಹೂ ಹೊಲಿದು ಫೋಟೋ ಕಳಿಸಿದ. ಒಂದು ದಳ ಸೊಟ್ಟ. ನಾವು ಆರು ಜನ ಆ ಸೊಟ್ಟ ದಳ ನೋಡಿ ಅತ್ತೆವು. ಸೂಜಿ ಬದಲಿಸುವ ಅಂಕಿಗಳನ್ನು ಎರಡು ಸಲ ಕೇಳಿದೆ, ನೀನು ಕಳಿಸಲಿಲ್ಲ. ದೊಡ್ಡ ಯಂತ್ರ ಪಕ್ಕದಲ್ಲೇ ಇರುವಾಗ ತಡ ಯಾಕೆ?

ಬಾಬಿನ್


ಜೂನ್ 20

ಬಾಬಿನ್,

ಯಂತ್ರಕ್ಕೆ ಸ್ವಲ್ಪ ನೆಗಡಿಯಾಗಿತ್ತು. ಈಗ ವಾಸಿ. ಉಳಿದ ಅರವತ್ತಾರು ಅಂಕಿಗಳೂ ಇದರೊಂದಿಗಿವೆ. ತೊಂಬತ್ತೆಂಟನ್ನು ಮೂರು ಸಲ ಕಳಿಸಿ ನೋಡಿದೆ. ಮೂರು ಸಲವೂ ಎರಡನೇ ಸೂಜಿಯಿಂದ ಐದಕ್ಕೆ ಹಾರಿತು. ಕಾರಣ ನನಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲ ಅಂತ ನಾನು ಬರೆದದ್ದು ಇದೇ ಮೊದಲು, ಈ ಪತ್ರ ಎತ್ತಿಡು.

ಇತ್ಯರ್ಥ ಅನ್ನುವುದು ವಕೀಲರು ನಮಸ್ಕಾರಕ್ಕೆ ಬಳಸುವ ಪದ. ನಿಘಂಟಿನಲ್ಲಿ ನೋಡಿದ್ದೇನೆ. ಖರ್ಚು ಎರಡು ಟೀ ಅಂತ ಹೇಳಿಯಾಗಿದೆ. ಬೇಕಾದರೆ ಮೂರು ಅನ್ನು.

ನಿಮ್ಮಮ್ಮ ಬಂದಿದ್ದಳು. ಅಂಗಡಿಯಲ್ಲಿ ಜಾಗ ಎಷ್ಟು ಅಗಲವಾಗಿ ಕಾಣುತ್ತದಲ್ಲ ಅಂದಳು. ಗುಡಿಸಿದ್ದೇನೆ ಅಂದೆ.

ನಿನ್ನ ಮಾವ


ಆಗಸ್ಟ್ 2

ಮಾವ,

ನಿನ್ನೆ ಹೊಸ ಆವೃತ್ತಿ ಬಿಟ್ಟೆವು. ಇನ್‌ಸ್ಟಾಲರ್ ಈಗ ಎಲ್ಲೂ ನಿಲ್ಲುವುದಿಲ್ಲ. ಯಾರೂ ಪಕ್ಕದ ಮನೆಗೆ ಹೋಗಬೇಕಾಗಿಲ್ಲ, ಕಂಪನಿಯ ಒಂದಕ್ಷರವೂ ಒಳಗಿಲ್ಲ. ಟೋಪಿಯಮ್ಮನಿಗೂ ಉಳಿದ ಹದಿನಾಲ್ಕು ಮಂದಿಗೂ ಹೇಳು, ಅವರು ಯಾರಾದರೂ ಸರಿ. ಈ ಸಲ ನೀನು ಎಷ್ಟು ಬೇಕಾದರೂ ಹಂಚು, ಪರವಾನಗಿಯಲ್ಲೇ ಬರೆದಿದ್ದೇವೆ. ಫೋಟೋ ಹಾಕಿದರೆ ಮಾತ್ರ ಕೊಲ್ಲುತ್ತೇನೆ.

ಕೊನೆಯ ಪುಟದಲ್ಲಿ ನಮ್ಮೆಲ್ಲರ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: 'ಯಂತ್ರದ ಸದ್ದು ಕೇಳಿ ಬರೆದುಕೊಟ್ಟವರು, ಏಳು ಸೂಜಿಗಳ ಒಡೆಯರು.'

ಸೇರಿಸಿದ ಮೇಲೆ ನಿನ್ನ ಪತ್ರಗಳನ್ನು ತೆಗೆದು ಮೊದಲಿನಿಂದ ಓದಿದೆ. ಏಪ್ರಿಲಿನಿಂದ ನೀನು ಬರೀ 'ನಿನ್ನ ಮಾವ'. ಸೂಜಿಗಳಿಲ್ಲ. ಕೊನೆಯ ಅರವತ್ತಾರು ಅಂಕಿಗಳನ್ನು ಬರೆದ ಹಾಳೆಗಳ ಹಿಂಬದಿಯಲ್ಲಿ ಟೋಪಿ ಅಂಗಡಿಯ ಬಿಲ್ಲು ಅಚ್ಚಾಗಿದೆ. ಹತ್ತೊಂಬತ್ತನೇ ಪುಟ ನೆನಪಾಯಿತು. ಯಂತ್ರವನ್ನು ಮಾರಿದರೆ ಹಕ್ಕೂ ಜೊತೆಗೆ ಹೋಗುತ್ತದೆ ಅಂತ ಓದಿದ್ದು ನೀನೇ ಅಲ್ಲವಾ? ನೀನು ಮಾರಿದ ನಿನ್ನದೇ ಯಂತ್ರದ ಮುಂದೆ ಗಿರಾಕಿಯ ಹಾಗೆ ಕೂತು ಬರೆದಿದ್ದೀಯ.

ಇನ್‌ಸ್ಟಾಲರಿನಲ್ಲಿ ಸುಳ್ಳು ಇದ್ದರೆ ಏನಾಗುತ್ತದೆ ಅಂತ ನಾವು ಈ ವರ್ಷ ನೋಡಿದ್ದೇವೆ. ಆ ಸಾಲು ಸುಳ್ಳಾಗಿದ್ದರೆ ತಿದ್ದುತ್ತೇನೆ. ಎಷ್ಟು ಸೂಜಿ ಮಾವ? ಎಷ್ಟು ಹೋಯಿತು?

ಭಾನುವಾರ ಬರುತ್ತಿದ್ದೇನೆ. ಅದಕ್ಕೆ ಮುಂಚೆ ಬರಹದಲ್ಲಿ ಬೇಕು, ತಾರೀಖಿನೊಂದಿಗೆ.

ನಿನ್ನ ಬಾಬಿನ್


ಆಗಸ್ಟ್ 6

ನನ್ನ ಬಾಬಿನ್,

ನಿನ್ನೆ ಹದಿನೈದು ಯಂತ್ರಗಳಿಗೂ ಬಾಯಿ ಬಂತು. ಟೋಪಿಯಮ್ಮ ಮೊದಲ ಟೋಪಿಯ ಮೇಲೆ ತನ್ನ ಹೆಸರನ್ನೇ ಹೊಲಿದುಕೊಂಡು, ಅದನ್ನು ಹಾಕಿಕೊಂಡು ಬೀದಿಯ ತುದಿಯವರೆಗೆ ನಡೆದು ಹೋಗಿ ವಾಪಸ್ ಬಂದಳು. "ಈಗ ಬರ್ಲಿ ಕಂಪನಿಯೋರು, ಹೆಸರು ಕೇಳೋಕೆ. ತಲೆ ಮೇಲೇ ಬರ್ಕೊಂಡಿದ್ದೀನಿ" ಅಂದಳು. ಬೀದಿಯೆಲ್ಲ ನಗು. ಬೀಗದವನು ನನ್ನ ಬೆನ್ನಿಗೆ ಗುದ್ದಿ, "ಇದು ನಮ್ದೇ ಬೀಗ, ಈಗ ಎಷ್ಟು ಬೇಕಾದ್ರೂ ಕೀ ಮಾಡು" ಅಂದ.

ನಿನ್ನ ಸಾಲನ್ನು ಓದಿದೆ. 'ಒಡೆಯರು' ಅಂತ ಗೌರವದಿಂದ ಹಾಕಿದ್ದೀಯ, ಹಾಗೇ ಇರಲಿ. ಅಂಕಿ ತಿದ್ದು. ನನ್ನ ಜನ್ಮದಲ್ಲಿ ಅಚ್ಚಾದ ಸುಳ್ಳು ಒಂದೇ ಸಾಕು.

ಕಂಪನಿಯ ವಕೀಲ ಮೊದಲು ನಾನೂರಕ್ಕೇ ಲೆಕ್ಕ ಹಾಕಿಟ್ಟಿದ್ದ. ನಲವತ್ತೊಂದಕ್ಕೆ ಇಳಿಸಿದೆ. ಹೆಸರು ಹೇಳಿದರೆ ನಿಮ್ಮನ್ನು ಬಿಟ್ಟು ಅವರನ್ನು ಹಿಡಿಯುತ್ತೇವೆ, ನಿಮಗೆ ಒಂದು ಕಾಸೂ ಖರ್ಚಿಲ್ಲ ಅಂದ. ಬಾಗಿಲ ತನಕ ಬಂದು ಇನ್ನೊಂದು ಸಲ ಅಂದ. ನಾನು ಹಂಚಿದ್ದು ತಪ್ಪು, ಅದರ ಬೆಲೆ ಕೊಡುತ್ತೇನೆ, ರಸೀದಿ ಬರೆ ಅಂದೆ. ರಸೀದಿಯಲ್ಲಿ ಏನು ಬರೆಯಬೇಕು ಅಂತಲೂ ನಾನೇ ಹೇಳಿ ಬರೆಸಿದೆ: 'ನಲವತ್ತೊಂದು ಪ್ರತಿಗಳಿಗೆ ಮಾತ್ರ. ಎಳೆಗೂ ಅದನ್ನು ಬರೆದವರಿಗೂ ಇದಕ್ಕೂ ಸಂಬಂಧವಿಲ್ಲ.' ಆ ಸಾಲು ಬೀಳುವವರೆಗೆ ಯಂತ್ರದ ದುಡ್ಡು ನನ್ನ ಜೇಬಿನಿಂದ ಹೊರಗೆ ಬರಲಿಲ್ಲ. ಮತ್ತೆ ಅದೇ ಗಾಜಿನ ಕೋಣೆಗೆ ಕರೆದರೂ ಹೋಗುತ್ತೇನೆ, ನಿಂತೇ ಇರುತ್ತೇನೆ, ಒಂದು ಬಣ್ಣವನ್ನೂ ಹೇಳುವುದಿಲ್ಲ.

ದೊಡ್ಡ ಯಂತ್ರ ಟೋಪಿಯಮ್ಮನಲ್ಲಿ ಸುಖವಾಗಿದೆ. ಹೋಗಿ ಎಣ್ಣೆ ಬಿಟ್ಟು ಬರುತ್ತೇನೆ. ನನ್ನನ್ನು ಕಂಡರೆ ಈಗಲೂ ಗೊಣಗುತ್ತದೆ. ಚಿಕ್ಕದು ನನ್ನ ಹತ್ತಿರ ಇದೆ. ಡಾಕ್ಟರುಗಳ ಕೋಟಿಗೆ ಹೆಸರು ಹೊಲಿಯಲು ಒಂದು ಸೂಜಿ ಧಾರಾಳ ಸಾಕು, ಡಾಕ್ಟರುಗಳೆಲ್ಲ ಒಂದೇ ಬಣ್ಣ ಕೇಳುತ್ತಾರೆ.

ಭಾನುವಾರ ಬಾ. ಅಂಗಡಿ ನಿಜವಾಗಿಯೂ ಅಗಲವಾಗಿದೆ, ನೀನು ಚಿಕ್ಕವಳಿದ್ದಾಗ ದಾರ ಸುತ್ತಿದ ಬಾಬಿನ್‌ಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುತ್ತಾ ಕೂರುತ್ತಿದ್ದ ಜಾಗ ಮತ್ತೆ ಕಾಣಿಸುತ್ತಿದೆ.

ನಿನ್ನ ಮಾವ,
ಒಂದು ಸೂಜಿಯ ಒಡೆಯ

ಇನ್ನೊಂದು ಕೇಳಿದ್ದೆಯಲ್ಲ, ಎಷ್ಟು ದುಡ್ಡು ಹೋಯಿತು ಅಂತ. ನಿಮ್ಮಮ್ಮನ ಮುಂದೆ ಓದಬೇಡ. ಎರಡು ಟೀ ಬಿಟ್ಟು, ಒಂದು ಲಕ್ಷ ನಲವತ್ತಮೂರು ಸಾವಿರದ ಐನೂರು.